ತಣ್ಣಗಾದ ಮಣಿ

ಇನ್ನೊಬ್ಬರ ಹೊಟ್ಟೆಯೊಳಗೆ ಹೊಕ್ಕು ನೋಡಲಾದೀತೇ ಎಂದು ಜನ ಮಾತಿಗೆ ಕೇಳುತ್ತಿದ್ದ ಕಾಲವೊಂದಿತ್ತು. ಬಳ್ಳಾರಿ ಸೀಮೆಯ ಕರಡಿಹಳ್ಳದ ಉಕ್ಕಿನ ಕಾರ್ಖಾನೆಯಲ್ಲಿ ಆ ಪ್ರಶ್ನೆಗೂ ಉತ್ತರ ಸಿಕ್ಕಿಬಿಟ್ಟಿತು. ಹೊಟ್ಟೆಯೊಳಗೆ ಹೊಗಬೇಕಿಲ್ಲ, ಕಿವಿಯ ಹಿಂದೆ ಒಂದು ಬಿಲ್ಲೆ ಅಂಟಿಸಿದರೆ ಸಾಕು.

ಬಿಲ್ಲೆ ಕೆಲಸಗಾರನಿಗೆ, ಪಟ್ಟಿ ಮೇಲಧಿಕಾರಿಗೆ. ಅಂಗಿಯ ಗುಂಡಿಯಷ್ಟಿದ್ದ ಆ ಬಿಲ್ಲೆ ಚರ್ಮದ ಬೆವರು, ನಾಡಿಯ ಓಟ, ಉಸಿರಿನ ಏರಿಳಿತ, ಕುತ್ತಿಗೆಯ ಬಿಗಿತ ಎಲ್ಲವನ್ನೂ ಕೂಡಿಸಿ ಕಳೆದು, ಈ ಮನುಷ್ಯ ಈಗ ಹೆದರಿದ್ದಾನೋ, ಸಿಟ್ಟಾಗಿದ್ದಾನೋ, ನೊಂದಿದ್ದಾನೋ, ನೆಮ್ಮದಿಯಿಂದಿದ್ದಾನೋ ಎಂದು ತೀರ್ಮಾನಿಸುತ್ತಿತ್ತು. ಆ ತೀರ್ಮಾನ ಮೇಲಧಿಕಾರಿಯ ಮಣಿಕಟ್ಟಿನ ಪಟ್ಟಿಗೆ ಬರುತ್ತಿತ್ತು. ಪಟ್ಟಿಯಲ್ಲಿ ಆಳಿಗೊಂದು ಮಣಿ. ಅವನು ಹೆದರಿದರೆ ಮಣಿ ಚಿವುಟುತ್ತದೆ, ಸಿಟ್ಟಾದರೆ ಬಿಸಿಯಾಗುತ್ತದೆ, ನೊಂದರೆ ಭಾರವಾಗಿ ಒತ್ತುತ್ತದೆ, ನೆಮ್ಮದಿಯಾದರೆ ತಣ್ಣಗಾಗುತ್ತದೆ. ಕಳೆದ ಪಾಳಿಗಳ ಮಿಡಿತವೂ ಪಟ್ಟಿಯಲ್ಲಿ ಉಳಿಯುತ್ತಿತ್ತು, ಬೇಕೆಂದಾಗ ಹಿಂದಕ್ಕೆ ತಿರುಗಿಸಿ ಮತ್ತೆ ಅನುಭವಿಸಬಹುದಿತ್ತು. ಮಾಡಿದವರು ಇದಕ್ಕೆ ಮಿಡಿಪಟ್ಟಿ ಎಂದು ಹೆಸರಿಟ್ಟಿದ್ದರು. ಕಾರ್ಮಿಕರು ತಮ್ಮೊಳಗೆ ಚಿವುಟುಪಟ್ಟಿ ಅನ್ನುತ್ತಿದ್ದರು.

ಈ ಪಟ್ಟಿ ಮೊದಲು ಬಂದದ್ದು ಮಹಾನಂದಾ ಕೊಪ್ಪದ ಅವರ ಕೈಗೆ. ಯಾಕೆಂದರೆ ಇಡೀ ಕಾರ್ಖಾನೆಯಲ್ಲಿ ಅದರ ಅಗತ್ಯ ಆಕೆಗೇ ಹೆಚ್ಚು ಎಂದು ಎಲ್ಲರೂ ಒಪ್ಪಿದ್ದರು.

ಮಹಾನಂದಾ ಊದುಕುಲುಮೆಯ ಕಂಟ್ರೋಲ್ ರೂಮಿನಲ್ಲಿ ಪಾಳಿಯ ಮುಖ್ಯಸ್ಥೆ. ಅದಿರು ಕರಗಿಸುವ ಆ ದೊಡ್ಡ ಕುಲುಮೆಯ ಸುತ್ತ ಬೇರೆ ಬೇರೆ ಜಾಗದಲ್ಲಿ ನಾಲ್ವರು ಆಕೆಯ ಕೈಕೆಳಗೆ ದುಡಿಯುತ್ತಿದ್ದರು. ಅವರಲ್ಲಿ ಒಬ್ಬರೂ ಕಂಟ್ರೋಲ್ ರೂಮಿನ ಗಾಜಿನಿಂದ ಕಾಣುತ್ತಿರಲಿಲ್ಲ. ಕಾಣದವರನ್ನು ಕೇಳಿಸಿಕೊಳ್ಳಬೇಕು ಎಂಬುದು ಆಕೆಯ ಪದ್ಧತಿ. ಪಾಳಿಯುದ್ದಕ್ಕೂ ವಾಕಿಟಾಕಿ ಹಿಡಿದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗುವಳು. ಕೂಗಿಸಿಕೊಂಡವನು "ಓ" ಅನ್ನಬೇಕು, ಅಷ್ಟೇ. ಬೇರೆ ವರದಿ ಬೇಡ. ಆದರೆ ಓ ಅನ್ನುವುದು ತುಸು ತಡವಾಯಿತೋ, ನಾಲ್ವರಿಗೂ ಕೇಳಿಸುವಂತೆ ಆಕೆಯ ಬಾಯಿ ಶುರುವಾಗುತ್ತಿತ್ತು.

"ಎಲ್ಲಿ ಸತ್ತಿದ್ಯೋ? ಬಾಯಾಗ ಕಡುಬು ಇಟ್ಕೊಂಡೀಯೇನು? ಓ ಅನ್ನಾಕ ಮುಹೂರ್ತ ನೋಡ್ಬೇಕಾ ನಿನಗ?"

ಬಾಯೊಂದು ಬಿಟ್ಟರೆ ಆಕೆಯಲ್ಲಿ ಐಬಿರಲಿಲ್ಲ. ಕುಲುಮೆಯ ಗುಣವನ್ನು ಸೊಸೆ ಅತ್ತೆಯ ಗುಣ ಅರಿತಂತೆ ಅರಿತಿದ್ದಳು. ಆದರೆ ಕಾಲ ಬದಲಾಗಿತ್ತು. ಹೆಸರು ಬರೆಯದೆ ನಿಮ್ಮ ಮುಖ್ಯಸ್ಥರ ಬಗ್ಗೆ ಅಭಿಪ್ರಾಯ ಹೇಳಿ ಎಂದು ಆಡಳಿತ ಕೇಳಿದಾಗ, ನಾಲ್ವರೂ ಬೇರೆ ಬೇರೆ ಅಕ್ಷರದಲ್ಲಿ ಒಂದೇ ಮಾತು ಹೇಳಿದ್ದರು: ಮೇಡಂ ಬಾಯಿಗೆ ಹೆದರಿಕೆಯಾಗುತ್ತದೆ.

ಹೆಡ್ ಆಫೀಸಿನಿಂದ ಕೌಶಿಕ ಎಂಬ ತರಬೇತುದಾರ ಬಂದ. ಇಸ್ತ್ರಿ ಮಾಡಿದ ಮಾತು, ಇಸ್ತ್ರಿ ಮಾಡಿದ ನಗು.

"ಮೇಡಂ, ಕೆಲಸದಲ್ಲಿ ನಿಮಗೆ ನೂರಕ್ಕೆ ನೂರು. ಆದರೆ ಭಾವನಾತ್ಮಕ ಬುದ್ಧಿವಂತಿಕೆಯಲ್ಲಿ ನೀವು ಇಡೀ ಕಾರ್ಖಾನೆಗೇ ಕೊನೆ. ಈಗಿನ ಲೀಡರ್‌ಗೆ ತಲೆಯೊಂದೇ ಸಾಲದು, ತನ್ನ ಜನರ ಮನಸ್ಸು ಗೊತ್ತಿರಬೇಕು."

"ಮನಸ್ಸು ನೋಡ್ಕೋತ ಕುಂತ್ರ ಕುಲುಮಿ ನೋಡಾವ್ರು ಯಾರ್ರಿ?" ಎಂದಳು ಮಹಾನಂದಾ.

"ಎರಡೂ ನೀವೇ ನೋಡ್ತೀರಿ. ಇದನ್ನ ಕಟ್ಟಿಕೊಳ್ಳಿ" ಎಂದು ಅವನು ಪಟ್ಟಿಯನ್ನು ಆಕೆಯ ಮುಂದಿಟ್ಟ.

ಬಿಲ್ಲೆ ಅಂಟಿಸಿಕೊಳ್ಳಲು ಕಾರ್ಮಿಕ ಸಂಘ ಒಂದು ಷರತ್ತು ಹಾಕಿತ್ತು. ಯಾರ ನಾಡಿ ಎಷ್ಟು ಓಡುತ್ತಿದೆ, ಯಾರ ಉಸಿರು ಹೇಗಿದೆ ಎಂಬುದು ಆಡಳಿತದ ಕಣ್ಣಿಗೆ ಬೀಳಬಾರದು. ಬಿದ್ದರೆ ನಾಳೆ ಇವನ ಎದೆ ಸರಿಯಿಲ್ಲ, ಅವನ ಪುಪ್ಪುಸ ಕೆಟ್ಟಿದೆ ಎಂದು ಒಬ್ಬೊಬ್ಬರನ್ನೇ ಮನೆಗೆ ಕಳಿಸುತ್ತಾರೆ. ನ್ಯಾಯವಾದ ಮಾತು. ಮಹಾನಂದಾಳೂ ಸಂಘದ ಪರವಾಗಿಯೇ ವಾದಿಸಿದ್ದಳು. ಹೀಗಾಗಿ ದೇಹದ ಲೆಕ್ಕವೆಲ್ಲ ಬಿಲ್ಲೆಯೊಳಗೇ ಬೀಗ ಬಿದ್ದು, ಮನಸ್ಸಿನ ಸುದ್ದಿ ಮಾತ್ರ ಹೊರಗೆ ಬರುವಂತೆ ಮಾಡಿದರು.

ಪಟ್ಟಿ ಕಟ್ಟಿದ ಮೊದಲ ದಿನ ಆಕೆ ಎಂದಿನಂತೆ ವಾಕಿಟಾಕಿಯ ಗುಂಡಿ ಒತ್ತಿ "ಹೊನ್ನೂರಪ್ಪಾ!" ಎಂದು ಕೂಗಿದಳು. ಅವನು ಓ ಅನ್ನುವ ಮೊದಲೇ ಅವನದಾದ ನಾಲ್ಕನೇ ಮಣಿ ಕಟ್ಟಿರುವೆ ಕಡಿದಂತೆ ಚಿವುಟಿತು. ಆಕೆ ಹೌಹಾರಿ ಕೈ ಕೊಡವಿದಳು. ಪಟ್ಟಿ ಕೆಟ್ಟಿರಬೇಕೆಂದು ಮತ್ತೊಮ್ಮೆ ಗುಂಡಿ ಮಾತ್ರ ಒತ್ತಿದಳು, ಹೆಸರು ಕೂಗಲಿಲ್ಲ. ವಾಕಿಟಾಕಿ ಅತ್ತ ಕಿರ್ರೆಂದದ್ದಕ್ಕೇ ಮಣಿ ಮತ್ತೆ ಚಿವುಟಿತು.

ಪಟ್ಟಿ ಕೆಟ್ಟಿರಲಿಲ್ಲ. ಅದು ಹೊನ್ನೂರಪ್ಪ. ಇಷ್ಟು ವರ್ಷ ಆಕೆ ಒಂದೊಂದು ಸಲ ಕೂಗಿದಾಗಲೂ ಅತ್ತ ಕಡೆ ಒಬ್ಬ ಮನುಷ್ಯನ ಜೀವ ಹೀಗೆ ಹಿಂಡಿಹೋಗುತ್ತಿತ್ತು. ಮಹಾನಂದಾ ಕೈತೊಳೆಯುವ ನೆಪ ಮಾಡಿ ಎದ್ದು ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು.

ಮನೆಗೆ ಬಂದು ಗಂಡ ವೀರಭದ್ರನ ಮುಂದೆ ಅದನ್ನೇ ಹೇಳಿದಳು. ಅವನು ಹೈಸ್ಕೂಲಿನ ದೈಹಿಕ ಶಿಕ್ಷಕ. ಬಯಲಲ್ಲಿ ಸೀಟಿ ಊದಿ ಊದಿ, ಮನೆಯಲ್ಲಿ ಮೆತ್ತಗೆ ಮಾತಾಡುವವನು.

"ನಾ ಎಷ್ಟ್ ಸಲ ಹೇಳೀನಿ, ನಿನ್ನ ದನಿ ಜೋರು ಅಂತ. ನಾ ಹೇಳಿದ್ರ ನಂಬಲಿಲ್ಲ. ಮಿಷಿನ್ ಹೇಳ್ತು, ನಂಬಿದಿ."

"ನೀ ಹೇಳ್ತಿದ್ದಿ. ಆದ್ರ ನೋಯ್ತಿದ್ದಿಲ್ಲ ನನಗ" ಎಂದಳು ಮಹಾನಂದಾ. ನಿಜವಾದ ಮಾತೇ ಆಡಿದ್ದಳು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಮಹಾನಂದಾಳ ವಿಷಯದಲ್ಲಿ ಗಾದೆ ಸುಳ್ಳಾಯಿತು. ಆಕೆ ಬದಲಾದಳು, ಅದೂ ಮನಸಾರೆ. ಮೊದಲು ಮಾಡಿದ ಕೆಲಸವೆಂದರೆ ಕೂಗುವುದನ್ನು ನಿಲ್ಲಿಸಿದ್ದು. ನಾಲ್ವರ ಒಳಗನ್ನೂ ಮಣಿಗಳೇ ತಂದು ಹೇಳುವಾಗ, ಓ ಅನ್ನಿಸುವುದು ಯಾವ ಸುಖಕ್ಕೆ? ತುರ್ತಿಗೆ ಬಿಟ್ಟರೆ ವಾಕಿಟಾಕಿ ಮೇಜಿನ ಮೇಲೆ ಮಲಗಿತು.

ಒಂದು ದಿನ ಎರ್ರಿಸ್ವಾಮಿಯ ಮಣಿ ಬೆಳಗಿನಿಂದ ಭಾರವಾಗಿ ಒತ್ತುತ್ತಿತ್ತು. ಎರ್ರಿಸ್ವಾಮಿ ನಾಲ್ವರಲ್ಲಿ ಹಿರಿಯ, ಕುಲುಮೆಯ ನೆತ್ತಿಯ ಮೇಲೆ ಅದಿರು ಸುರಿಯುವುದನ್ನು ನೋಡಿಕೊಳ್ಳುವವನು, ಯಾರೊಂದಿಗೂ ಸಂಕಟ ಹೇಳಿಕೊಳ್ಳುವ ಜಾತಿಯಲ್ಲ. ಮಹಾನಂದಾ ಮೇಲೆ ಹತ್ತಿಹೋಗಿ "ಏನಾತು?" ಎಂದು ಮೆಲ್ಲಗೆ ಕೇಳಿದಳು. ಅವನ ತಾಯಿ ಆಸ್ಪತ್ರೆಯಲ್ಲಿದ್ದಳು. "ಹೋಗು, ನಿನ್ನ ಜಾಗಕ್ಕ ನಾ ಯಾರನ್ನರ ನಿಲ್ಲಸ್ತೀನಿ" ಎಂದಳು. ತಾಯಿಯ ಕೊನೆಯ ಮಾತು ಅವನಿಗೆ ಸಿಕ್ಕಿತು. ಹದಿಮೂರನೇ ದಿನ ಕಳೆದು ಕೆಲಸಕ್ಕೆ ಬಂದವನು ಕಂಟ್ರೋಲ್ ರೂಮಿನ ಬಾಗಿಲಲ್ಲಿ ನಿಂತು ಕೈಮುಗಿದ. ಪಟ್ಟಿ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಆ ಮಾತನ್ನು ಯಾರೂ ಅಲ್ಲಗಳೆಯಲಾರರು.

ಹೊನ್ನೂರಪ್ಪನ ಮಣಿ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಕುಲುಮೆಯ ತಳಭಾಗದಲ್ಲಿ, ನೆಲಕ್ಕಿಂತ ತಗ್ಗಿನಲ್ಲಿದ್ದ ವಾಲ್ವ್ ಕೋಣೆ ಅವನ ಜಾಗ. ಮಹಾನಂದಾ ಒಂದು ದಿನ ಫ್ಲಾಸ್ಕಿನಲ್ಲಿ ಚಹಾ ಹಿಡಿದು ತಾನೇ ಅಲ್ಲಿಗೆ ಇಳಿದಳು. ಅವನು ಗಾಬರಿಯಾಗಿ ಎದ್ದು ನಿಂತ. ಕೂರಿಸಿ, ಚಹಾ ಕೊಟ್ಟು, ಅದೂ ಇದೂ ಮಾತಾಡಿದ ಮೇಲೆ ಅವನೇ ಬಾಯಿಬಿಟ್ಟ.

"ತಪ್ಪು ತಿಳೀಬ್ಯಾಡ್ರಿ ಮೇಡಂ. ನಿಮ್ಮದೊಂದ ಅಲ್ಲ, ಯಾರರ ಜೋರಾಗಿ ಹೆಸರು ಕೂಗಿದ್ರ ನನ್ನ ಕೈಕಾಲು ನಡಗತಾವ್ರಿ. ಸಣ್ಣಾವ ಇದ್ದಾಗ ಅಪ್ಪ ಕುಡದು ಬಂದು ಬಾಗ್ಲಾಗ ನಿಂತು ಹಂಗ ಕೂಗತಿದ್ದ. ಓ ಅಂದ್ರೂ ಹೊಡಿತ, ಅನ್ನದಿದ್ರೂ ಹೊಡಿತ."

"ಇನ್ನ ನಾ ಕೂಗೂದಿಲ್ಲ, ತಿಳೀತಾ?" ಎಂದಳು ಆಕೆ. ಅವನು ತಲೆಯಾಡಿಸಿದ. ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಆಕೆ ಅವನ ಮುಖ ನೋಡಲಿಲ್ಲ, ಮಣಿ ನೋಡಿದಳು. ಚಿವುಟು ಸಡಿಲವಾಗಿತ್ತು. ಅಷ್ಟಕ್ಕೇ ಆಕೆಯ ಎದೆ ತುಂಬಿಬಂತು.

ಅಂದಿನಿಂದ ಆಕೆಗೆ ಅದೊಂದು ಹಂಬಲವಾಯಿತು. ಉಳಿದ ಮೂವರ ಮಣಿಗಳು ದಿನದಲ್ಲಿ ಒಂದಲ್ಲ ಒಂದು ಹೊತ್ತು ತಣ್ಣಗಾಗುತ್ತಿದ್ದವು. ಹೊನ್ನೂರಪ್ಪನದು ಸಡಿಲವಾಗುತ್ತಿತ್ತೇ ಹೊರತು ತಣ್ಣಗಾಗುತ್ತಿರಲಿಲ್ಲ; ಒಂದು ಎಳೆ ಭಯ ಉಳಿದೇ ಇರುತ್ತಿತ್ತು. ಅದು ತಾನೇ ಹಾಕಿದ ಗಾಯ ಎಂದು ಆಕೆ ತಿಳಿದಿದ್ದಳು. ಒಮ್ಮೆಯಾದರೂ, ನನ್ನ ಪಾಳಿಯಲ್ಲಿ, ಅವನ ಮಣಿ ತಣ್ಣಗಾಗಲಿ. ದೇವರ ಮುಂದೆ ನಿಂತಾಗಲೂ ಆಕೆ ಅದನ್ನೇ ಬೇಡಿದ್ದುಂಟು.

ಮನೆಯಲ್ಲಿ ಮಾತ್ರ ವಿಚಿತ್ರವಾಯಿತು. ವೀರಭದ್ರ ಏನಾದರೂ ಹೇಳಿದರೆ ಉತ್ತರಿಸುವ ಮೊದಲು ಆಕೆಯ ಕಣ್ಣು ತಾನೇ ಮಣಿಕಟ್ಟಿಗೆ ಹೋಗುತ್ತಿತ್ತು. ಅವನ ಮಣಿ ಅಲ್ಲಿರಲಿಲ್ಲ. ಅವನು ವಾರದಿಂದ ಸರಿಯಾಗಿ ಉಣ್ಣುತ್ತಿಲ್ಲವೆಂದು ಆಕೆಗೆ ತಿಳಿದದ್ದೂ, ಅವನ ಶಾಲೆಯ ಆಟದ ಬಯಲು ಹೊಸ ರಸ್ತೆಯ ಪಾಲಾಯಿತೆಂದು ತಿಳಿದದ್ದೂ ಪಕ್ಕದ ಮನೆಯವರಿಂದ.

"ನನಗ ಯಾಕ ಹೇಳಲಿಲ್ಲ?" ಎಂದು ಕೇಳಿದಳು.

"ಮೊದಲ ನಾ ಹೇಳ್ತಿದ್ದಿಲ್ಲ, ನೀ ಬೈದು ಬೈದು ಬಾಯಿ ಬಿಡಸ್ತಿದ್ದಿ" ಎಂದ ವೀರಭದ್ರ. "ಈಗ ಕೈ ನೋಡ್ಕೋತ ಕೂಡ್ತಿ. ಮುಖ ನೋಡು ಮಾರಾಯ್ತಿ. ಇಲ್ಲಾ, ನನ್ನ ಕಿವಿಗೂ ಒಂದು ಬಿಲ್ಲಿ ಹಚ್ಚು."

ಅವನು ತಮಾಷೆಗೆ ಹೇಳಿದ್ದನೋ, ನೊಂದು ಹೇಳಿದ್ದನೋ ಆಕೆಗೆ ತಿಳಿಯಲಿಲ್ಲ.

ಕಾರ್ಖಾನೆಯಲ್ಲಿ ಆಕೆಯ ಹೆಸರು ಏರುತ್ತಲೇ ಹೋಯಿತು. ಕೌಶಿಕ ಬಂದು ಕೈಕುಲುಕಿ, ಎಲ್ಲ ವಿಭಾಗಗಳಿಗೂ ನೀವೇ ಮಾದರಿ ಎಂದ. ಮುಂದಿನ ತಿಂಗಳ ಸಭೆಯಲ್ಲಿ ನೀವು ಮಾತಾಡಬೇಕು ಎಂದ. ಏನು ಮಾತಾಡಲಿ ಎಂದು ಆಕೆ ಯೋಚಿಸುತ್ತಿದ್ದ ದಿನಗಳಲ್ಲೇ ಅದು ನಡೆಯಿತು.

ಅಂದು ಅನಿಲದ ಕೊಳವೆಯೊಂದರ ರಿಪೇರಿ ಇತ್ತು. ಕುಲುಮೆಯಿಂದ ಹೊರಡುವ ಅನಿಲ ಉರಿಯುವಂಥದ್ದು, ವಿಷವೂ ಹೌದು. ಕೊಳವೆ ಬಿಚ್ಚುವ ಮೊದಲು ಅದರೊಳಗೆ ಸಾರಜನಕ ಹಾಯಿಸಿ ಹಳೆಯ ಅನಿಲವನ್ನೆಲ್ಲ ಹೊರತಳ್ಳುತ್ತಾರೆ. ಎಂದೂ ಮಾಡುವ ಕೆಲಸವೇ. ಹೊನ್ನೂರಪ್ಪ ವಾಲ್ವ್ ಕೋಣೆಯಲ್ಲಿ ಕೂತು ಒತ್ತಡದ ಮುಳ್ಳನ್ನು ನೋಡುತ್ತಿರಬೇಕಿತ್ತು. ಕೊಳವೆಯ ಒಂದು ಕೂಡಿಕೆ ಸಡಿಲವಾಗಿ, ಸಾರಜನಕ ಆ ತಗ್ಗಿನ ಕೋಣೆಯೊಳಗೆ ಸದ್ದಿಲ್ಲದೆ ತುಂಬತೊಡಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಅವನ ಎದೆಯ ಮೇಲಿದ್ದ ಅಳತೆಯ ಯಂತ್ರ ವಿಷಾನಿಲಕ್ಕೆ ಮಾತ್ರ ಚೀರುವಂಥದ್ದು. ಸಾರಜನಕ ವಿಷವಲ್ಲ, ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅದೇ. ಅದಕ್ಕೆ ವಾಸನೆಯಿಲ್ಲ, ಅದು ಕೆಮ್ಮಿಸುವುದಿಲ್ಲ, ಕಣ್ಣುರಿಸುವುದಿಲ್ಲ. ಪ್ರಾಣವಾಯುವಿನ ಜಾಗದಲ್ಲಿ ತಾನು ಬಂದು ಕೂರುತ್ತದೆ, ಅಷ್ಟೇ. ಒಳಗಿದ್ದವನಿಗೆ ಉಸಿರುಗಟ್ಟಿದಂತೆ ಅನಿಸುವುದೂ ಇಲ್ಲ. ತಲೆ ಹಗುರಾಗುತ್ತದೆ, ಚಿಂತೆ ಕರಗುತ್ತದೆ, ಹಾಯಾಗುತ್ತದೆ.

ಕಂಟ್ರೋಲ್ ರೂಮಿನಲ್ಲಿ ಮಹಾನಂದಾ ವಾಕಿಟಾಕಿ ಎತ್ತಿಕೊಂಡಿದ್ದಳು. ಮುಳ್ಳು ಎಲ್ಲಿದೆ ಎಂದು ಹೊನ್ನೂರಪ್ಪನನ್ನು ಕೇಳಬೇಕಿತ್ತು. ಹೆಬ್ಬೆರಳು ಗುಂಡಿಯ ಮೇಲಿತ್ತು. ಆಗ ನಾಲ್ಕನೇ ಮಣಿ ಮೆಲ್ಲಗೆ ಸಡಿಲವಾಯಿತು. ಇನ್ನೂ ಸಡಿಲವಾಯಿತು. ಆಮೇಲೆ, ಆಕೆ ನಂಬದೆ ಬೆರಳಿಟ್ಟು ಮುಟ್ಟಿ ನೋಡುವಂತೆ, ತಣ್ಣಗಾಯಿತು.

ಮಹಾನಂದಾಳ ಕಣ್ಣಲ್ಲಿ ನೀರು ಬಂತು. ಈಗ ಗುಂಡಿ ಒತ್ತಿದರೆ ಅತ್ತ ಕಿರ್ರೆನ್ನುತ್ತದೆ, ಅವನು ಬೆಚ್ಚುತ್ತಾನೆ, ಇಷ್ಟು ದಿನಕ್ಕೆ ಸಿಕ್ಕ ನೆಮ್ಮದಿ ಒಡೆದುಹೋಗುತ್ತದೆ. ಮುಳ್ಳಿನ ವಿಷಯ ಆಮೇಲೆ ಕೇಳಿದರಾಯಿತು. ಆಕೆ ಹೆಬ್ಬೆರಳು ತೆಗೆದು ವಾಕಿಟಾಕಿಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು. ಚಹಾ ಬಗ್ಗಿಸಿಕೊಂಡು, ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಆ ತಂಪನ್ನು ಅನುಭವಿಸುತ್ತ ಕುಡಿದಳು.

ಚಹಾ ಮುಗಿದ ಮೇಲೆ ಮಣಿ ತಂಪೂ ಇಲ್ಲದೆ, ಬಿಸಿಯೂ ಇಲ್ಲದೆ ಬರೀ ಮಣಿಯಾಯಿತು. ಬೆವರಿಗೆ ಬಿಲ್ಲೆ ಕಿತ್ತುಬಂದರೆ ಹೀಗೇ ಆಗುತ್ತಿತ್ತು. ಮುಖ ತೊಳೆದುಕೊಂಡನೇನೋ ಅಂದುಕೊಂಡಳು.

ಎರ್ರಿಸ್ವಾಮಿ ಪಾಳಿ ಮುಗಿಸಿ ಇಳಿದು, ಜೊತೆಗೆ ಹೋಗೋಣವೆಂದು ಹೊನ್ನೂರಪ್ಪನನ್ನು ಕರೆಯಲು ವಾಲ್ವ್ ಕೋಣೆಯ ಬಾಗಿಲು ತೆಗೆದ. ಆಗ ಆಕೆಯ ಕೈಯಲ್ಲಿ ಚಿವುಟಿದ್ದು ಎರ್ರಿಸ್ವಾಮಿಯ ಮಣಿ. ಚರ್ಮ ಕಿತ್ತುಬರುವಂತೆ ಚಿವುಟಿತು. ಬಾಗಿಲಿಂದಲೇ ಅವನು ಕೂಗಿದ ಕೂಗು ವಾಕಿಟಾಕಿಯಲ್ಲಿ ಎಲ್ಲರಿಗೂ ಕೇಳಿಸಿತು.

ವಿಚಾರಣೆ ನಡೆಯಿತು. ಕೂಡಿಕೆ ಸಡಿಲವಿದ್ದದ್ದು ತಪ್ಪು, ಆ ಕೋಣೆಗೆ ಪ್ರಾಣವಾಯು ಅಳೆಯುವ ಯಂತ್ರ ಕೊಡದಿದ್ದದ್ದು ತಪ್ಪು ಎಂದು ತೀರ್ಮಾನವಾಯಿತು. ಮಹಾನಂದಾಳ ತಪ್ಪು ಎಂದು ಯಾರೂ ಅನ್ನಲಿಲ್ಲ. ಓ ಅನ್ನಿಸುವುದು ಯಾವ ನಿಯಮದಲ್ಲೂ ಇರಲಿಲ್ಲವಾದ್ದರಿಂದ, ಅದನ್ನು ನಿಲ್ಲಿಸಿದ್ದೂ ತಪ್ಪಾಗಲಿಲ್ಲ. ಆ ತಿಂಗಳು ಆಕೆಯ ತಂಡದ ನೆಮ್ಮದಿಯ ಅಂಕ ಕಾರ್ಖಾನೆಗೇ ಮೊದಲು ಬಂದಿತ್ತು. ಯಾರೋ ನೋಡಿ, ನಾಚಿ, ಗೋಡೆಗೆ ಹಚ್ಚಲು ಹೊರಟದ್ದನ್ನು ಬಿಟ್ಟರು. ಬೈದಿದ್ದರೆ ಆಕೆಗೆ ತುಸು ಹಗುರಾಗುತ್ತಿತ್ತು. ಬೈಯುವ ಜನ ಅಲ್ಲಿ ಆಕೆಯೊಬ್ಬಳೇ ಇದ್ದದ್ದು, ಆಕೆಯೂ ಬಿಟ್ಟುಬಿಟ್ಟಿದ್ದಳು.

ದಿನಕರ್ಮಗಳು ಮುಗಿದ ಮೇಲೆ ಮಹಾನಂದಾ ಹೊನ್ನೂರಪ್ಪನ ಮನೆಗೆ ಹೋದಳು. ವೀರಭದ್ರ ಸ್ಕೂಟರಿನಲ್ಲಿ ಕರೆತಂದು ರಸ್ತೆಯಲ್ಲೇ ನಿಂತ. ಕಾರ್ಮಿಕರ ಕಾಲೊನಿಯಲ್ಲಿ ತಗಡಿನ ಮನೆ. ಹೊನ್ನೂರಪ್ಪನ ಹೆಂಡತಿ ಹುಲಿಗೆಮ್ಮ ಸಂಜೆ ಹೊತ್ತು ಮಿರ್ಚಿ ಬಜ್ಜಿ ಮಾರುತ್ತಿದ್ದವಳು. ಬಜ್ಜಿಯ ಗಾಡಿ ಗೋಡೆಗೆ ಒರಗಿ ನಿಂತಿತ್ತು, ಬಾಣಲೆ ಬೋರಲಾಗಿತ್ತು. ಅವಳು ಚಾಪೆ ಹಾಸಿ, ನೀರು ಕೊಟ್ಟು, ಎದುರಿಗೆ ಕೂತಳು. ಮುಖ ಒಣಗಿತ್ತು.

"ಒಂದ ಕೇಳ್ತೀನ್ರಿ ಮೇಡಂ" ಎಂದಳು ಹುಲಿಗೆಮ್ಮ. "ಎಲ್ಲಾರೂ ಏನೇನೋ ಹೇಳ್ತಾರ. ಅವ್ರಿಗೆ ಬಾಳ ತ್ರಾಸ ಆತೇನ್ರಿ?"

"ಇಲ್ಲವಾ" ಎಂದಳು ಮಹಾನಂದಾ. "ತ್ರಾಸ ಆಗಿಲ್ಲ. ಶಾಂತ ಇದ್ರು."

ಹುಲಿಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅವಳ ಕಣ್ಣು ಮಹಾನಂದಾಳ ಮುಖದಲ್ಲಿ ನಿಂತಿತು.

"ನಿಮಗ ಹೆಂಗ ಗೊತ್ರಿ?"

ಸುಳ್ಳು ಹೇಳಬಹುದಿತ್ತು. ಡಾಕ್ಟರು ಹೇಳಿದರು ಅಂದರೆ ಮುಗಿಯುತ್ತಿತ್ತು. ಮಹಾನಂದಾ ತೋಳು ಮುಂದೆ ಚಾಚಿ ಪಟ್ಟಿ ತೋರಿಸಿದಳು. ನಾಲ್ಕನೇ ಮಣಿ ಮುಟ್ಟಿ, ಇದು ನಿನ್ನ ಗಂಡನದು ಎಂದಳು. ಎಲ್ಲವನ್ನೂ ಹೇಳಿದಳು. ಕೈಯಲ್ಲಿ ವಾಕಿಟಾಕಿ ಇದ್ದದ್ದು, ಹೆಬ್ಬೆರಳು ಗುಂಡಿಯ ಮೇಲಿದ್ದದ್ದು, ಮಣಿ ತಣ್ಣಗಾದದ್ದು, ಕೂಗದೆ ಬಿಟ್ಟದ್ದು.

"ನಾ ಖುಷಿ ಪಟ್ಟೆನವ್ವಾ" ಎಂದಳು. "ನಿನ್ನ ಗಂಡ ಸಾಯಾಕತ್ತಿದ್ದ, ನಾ ಚಹಾ ಕುಡಕೋತ ಖುಷಿ ಪಟ್ಟೆ."

ಹುಲಿಗೆಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಕೈ ಮುಂದೆ ಮಾಡಿದಳು. "ಅದರಾಗ ಅವ್ರು ಇನ್ನಾ ಅದಾರೇನ್ರಿ? ನನಗ ಕಟ್ರಿ" ಎಂದಳು.

ಆ ದಿನದ ಪಾಳಿಯಲ್ಲಿ ಮಣಿಗಳು ಮಿಡಿದದ್ದೆಲ್ಲ ಪಟ್ಟಿಯಲ್ಲಿ ಉಳಿದಿತ್ತು. ಮಹಾನಂದಾ ಅದನ್ನು ಬಿಚ್ಚಿ ಹುಲಿಗೆಮ್ಮನ ಬಳೆಗಳಿಲ್ಲದ ಕೈಗೆ ಕಟ್ಟಿ, ಆ ಹೊತ್ತಿಗೆ ಹಿಂದಕ್ಕೆ ತಿರುಗಿಸಿ ಬಿಟ್ಟಳು. ಈಗ ಆಕೆಯ ಕೈಯಲ್ಲಿ ಏನೂ ಇರಲಿಲ್ಲ. ನೋಡಲು ಎದುರಿನ ಮುಖವೊಂದೇ ಇತ್ತು. ಮೊದಲು ಆ ಮುಖದಲ್ಲಿ ಒಂದು ಸಣ್ಣ ಬೆದರು ಕಂಡಿತು, ಆಮೇಲೆ ಗುರುತು, ಮನೆಗೆ ಬಂದವನ ಹೆಜ್ಜೆ ಕೇಳಿದಾಗ ಬರುವಂಥ ಗುರುತು. ಹುಲಿಗೆಮ್ಮ ಇನ್ನೊಂದು ಕೈಯಿಂದ ಮಣಿಯನ್ನು ಮುಚ್ಚಿ ಹಿಡಿದಳು. ಮಣಿ ಸಡಿಲವಾಗುತ್ತ ಹೋದಂತೆ ಅವಳ ಹುಬ್ಬು ಗಂಟಿಕ್ಕಿತು. ತಣ್ಣಗಾದಾಗ ತಲೆ ಅಲ್ಲಾಡಿಸತೊಡಗಿದಳು.

"ಇದು ಶಾಂತಿ ಅಲ್ರಿ ಮೇಡಂ" ಎಂದಳು. "ಶಾಂತ ಇದ್ದಾಗ ಅವ್ರು ಹಿಂಗ ಇರ್ತಿದ್ದಿಲ್ಲ. ಬಜ್ಜಿ ತಿಂದ್ಕೋತ, ಹಾಡಿಕೋತ, ಕಾಲು ಅಲ್ಲಾಡಿಸ್ಕೋತ ಇರೋರು. ಖುಷಿ ಇದ್ರೂ ಒಂದ್ ಎಳಿ ಅಂಜಿಕಿ ಇದ್ದ ಇರ್ತಿತ್ತು, ಅದು ಅವ್ರ ಹುಟ್ಟಾ ಬಂದದ್ದು. ಹಿಂಗ ಪೂರಾ ತಣ್ಣಗ ಅವ್ರು ಎಂದೂ ಆದೋರಲ್ಲ. ಇದು ಜೀವ ಹೋಗೂದ್ರಿ. ನನ್ನ ಕೈಯಾಗ ಇದ್ರ ನಾ ಒದರತಿದ್ದೆ."

ಮಹಾನಂದಾ ತಲೆ ತಗ್ಗಿಸಿದಳು.

"ನೀವು ಒದರಿದ್ರೂ ಎದ್ದು ಬರ್ತಿದ್ರು" ಎಂದಳು ಹುಲಿಗೆಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಮಹಾನಂದಾಳಿಗೆ ಕೇಳಿಸಿಕೊಳ್ಳಲಾಗುತ್ತಿರಲಿಲ್ಲ. "ಅಂಜಕೋತ ಎದ್ದು ಬರ್ತಿದ್ರು. ನಿಮಗ ಗೊತ್ತಿಲ್ಲ, ಮನೀಗೆ ಬಂದು ನಿಮ್ಮ ಬೈಗಳಾ ಅಣಗಿಸಿ ತೋರಸ್ತಿದ್ರು. ಎಲ್ಲಿ ಸತ್ತಿದ್ಯೋ, ಮುಹೂರ್ತ ನೋಡ್ಬೇಕಾ ನಿನಗ, ಅಂತ ನಿಮ್ಹಂಗ ದನಿ ತಗದು. ಇಬ್ರೂ ನಗತಿದ್ವಿ. ನೀವು ಬಿಟ್ಟ ಮ್ಯಾಲೆ ಒಂದಿನ ಅಂದ್ರು, ಮೇಡಂ ಈಗ ಬಾಳ ಒಳ್ಳೆಯವ್ರಾಗ್ಯಾರ, ಆದ್ರ ಕೆಳಗ ಕುಂತಾಗ ನಾ ಅದೀನಿ ಅಂತ ಯಾರಿಗೂ ನೆನಪಿಲ್ಲೇನೋ ಅನಸ್ತದ ಅಂತ. ಮೊದ್ಲು ಓ ಅನ್ನಸಾಕರ ಒಬ್ರು ಇದ್ರು ಅಂತ."

ವಾಲ್ವ್ ಕೋಣೆಯಲ್ಲಿ ಚಹಾ ಕುಡಿದ ದಿನ ಹೊನ್ನೂರಪ್ಪ ಬಾಯಿ ತೆರೆದು ಸುಮ್ಮನಾದದ್ದು ಮಹಾನಂದಾಳಿಗೆ ನೆನಪಾಯಿತು. ಆಗ ಅವನ ಮುಖದಲ್ಲಿ ಏನಿತ್ತು ಎಂದು ಎಷ್ಟು ನೆನೆದರೂ ಕಾಣಲಿಲ್ಲ. ಆಕೆ ಅದನ್ನು ನೋಡಿಯೇ ಇರಲಿಲ್ಲ. ಚಾಪೆಯ ಮೇಲೆ ಕೂತಲ್ಲೇ ಆಕೆ ಬಿಕ್ಕಿ ಬಿಕ್ಕಿ ಅತ್ತಳು. ಹುಲಿಗೆಮ್ಮ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಮಣಿ ಬರೀ ಮಣಿಯಾಗುವ ತನಕ ಅದನ್ನು ಹಿಡಿದು ಕೂತಿದ್ದು, ಆಮೇಲೆ ಪಟ್ಟಿ ಬಿಚ್ಚಿ ಆಕೆಯ ಮಡಿಲಲ್ಲಿಟ್ಟಳು.

ರಸ್ತೆಗೆ ಬಂದಾಗ ವೀರಭದ್ರ ಸ್ಕೂಟರಿಗೆ ಒರಗಿ ನಿಂತಿದ್ದ. ಮಹಾನಂದಾ ಅವನ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪು ಸುತ್ತಿತ್ತು, ಗಡ್ಡ ಬೆಳ್ಳಗಾಗಿತ್ತು. ಯಾವಾಗ ಆಯಿತೋ ಇದೆಲ್ಲ. "ಬಯಲು ಹೋತು ಅಂತ ನೀ ಅತ್ತೇನು?" ಎಂದು ಕೇಳಿದಳು. ಅವನು ಸ್ಕೂಟರ್ ಶುರುಮಾಡಿದ. ಆಕೆ ಹಿಂದೆ ಕೂತು ಅವನ ಬೆನ್ನಿಗೆ ಹಣೆಯಿಟ್ಟಳು.

ಮರುದಿನ ಪಾಳಿಗೆ ಬಂದಾಗ ಪಟ್ಟಿ ಕೈಯಲ್ಲೇ ಇತ್ತು. ಬಿಚ್ಚಿ ಎಸೆಯುವ ಮನಸ್ಸಾಗಿತ್ತು. ಎರ್ರಿಸ್ವಾಮಿಯ ತಾಯಿ ನೆನಪಾಗಿ ಎಸೆಯಲಿಲ್ಲ. ವಾಲ್ವ್ ಕೋಣೆಗೆ ಹೊಸಬ ಇನ್ನೂ ಬಂದಿರಲಿಲ್ಲ, ಅದಕ್ಕೆ ಬೀಗ ಹಾಕಿದ್ದರು. ಮಹಾನಂದಾ ಕುರ್ಚಿಯಲ್ಲಿ ಕೂತು, ಬಹಳ ದಿನದ ಮೇಲೆ, ವಾಕಿಟಾಕಿ ಎತ್ತಿಕೊಂಡಳು.

"ಎರ್ರಿಸ್ವಾಮೀ!"

ಮೊದಲ ಮಣಿ ಚಿವುಟಿತು. ನೋವಾಯಿತು. ಆಕೆ ಕೈ ಕೊಡವಲಿಲ್ಲ.

"ಓ ರೀ ಮೇಡಂ" ಎಂದ ಎರ್ರಿಸ್ವಾಮಿ, ಬೆರಗಾಗಿ.

"ದೊಡ್ಡಬಸವಾ!" ಎರಡನೆಯದು ಚಿವುಟಿತು. "ಓ ರೀ."

"ಮಾಬುಸಾಬ್!" ಮೂರನೆಯದು. "ಓ ಮೇಡಂ."

ಅಭ್ಯಾಸಬಲದಿಂದ ಹೆಬ್ಬೆರಳು ನಾಲ್ಕನೇ ಸಲ ಗುಂಡಿ ಒತ್ತಿತು. ಆ ಹೆಸರು ನಾಲಗೆಯ ತನಕ ಬಂತು, ಹೊರಗೆ ಬರಲಿಲ್ಲ. ಎಷ್ಟೋ ಹೊತ್ತು ಹಾಗೇ ಒತ್ತಿ ಹಿಡಿದಿದ್ದು, ಕೊನೆಗೆ ಬಿಟ್ಟಳು. ಅತ್ತ ಮೂವರಿಗೂ ಬರೀ ಗಾಳಿಯ ಸದ್ದು ಕೇಳಿಸಿರಬೇಕು.

"ಮೇಡಂ?" ಎರ್ರಿಸ್ವಾಮಿಯ ದನಿ.

"ಮೇಡಂ, ಕೇಳಸ್ತದೇನ್ರಿ? ಮೇಡಂ!"

ಮೂರೂ ಮಣಿಗಳು ಒಟ್ಟಿಗೆ ಚಿವುಟಿದವು. ಈ ಸಲ ಅವರು ಆಕೆಗೆ ಹೆದರಿರಲಿಲ್ಲ.

"ಎಲ್ಲಿ ಸತ್ತೀರ್ರಿ ಮೇಡಂ?" ಎರ್ರಿಸ್ವಾಮಿ ಒದರಿದ. "ಓ ಅನ್ನಾಕ ಮುಹೂರ್ತ ನೋಡ್ಬೇಕೇನ್ರಿ ನಿಮಗ? ಓ ಅನ್ರಿ!"

ಮಹಾನಂದಾ ಕಣ್ಣೊರೆಸಿಕೊಂಡು ಗುಂಡಿ ಒತ್ತಿದಳು.

"ಓ" ಎಂದಳು.